236 ಪದಗಳ ಬೆಕ್ಕು

ಮಗಳು ಒಂದನೇ ಕ್ಲಾಸಿಗೆ ಹೋಗತೊಡಗಿದ ಮೇಲೆ ನಮ್ಮ ಮನೆಯಲ್ಲಿ ದಿನಾ ಸಂಜೆ ಸ್ಪೆಲಿಂಗ್ ಜಗಳ. ಅಜ್ಜಿ ಕಲಿಸಿದ ಕನ್ನಡದಲ್ಲಿ ಕ ಎಂದರೆ ಕ, ಅದು ಎಲ್ಲಿ ಕೂತರೂ ಕ. ಇಂಗ್ಲಿಷಿನ 'ನೈಫ್' ಪದದ ಮುಂದೆ ಕೆ ಯಾಕಮ್ಮ ಸುಮ್ಮನೆ ಕೂತಿದೆ ಎಂದು ಅವಳು ಕೇಳಿದರೆ ಎಂಟೆಕ್ ಮಾಡಿದ ನನ್ನ ಹತ್ತಿರ ಉತ್ತರವಿಲ್ಲ. ಅಂಥ ದಿನಗಳಲ್ಲಿ ಲೈಬ್ರರಿಯಿಂದ ತಂದ ಪುಸ್ತಕ 'ದ ಕ್ಯಾಟ್ ಇನ್ ದ ಹ್ಯಾಟ್'. ವಾರ ಕಳೆಯುವಷ್ಟರಲ್ಲಿ ಅವಳೇ ಬೆರಳಿಟ್ಟು ಓದತೊಡಗಿದಳು. ಇದನ್ನು ಬರೆದವರು ಯಾರು ಎಂದು ನಾನು ಹುಡುಕಲು ಹೊರಟಿದ್ದು ಆಗಲೇ.

ಮುಖಪುಟದಲ್ಲಿ ಡಾ. ಸೂಸ್ ಎಂದಿದೆ. ನಿಜವಾದ ಹೆಸರು ಥಿಯೊಡೋರ್ ಸೂಸ್ ಗೈಸೆಲ್. ಹುಟ್ಟಿದ್ದು 1904ರ ಮಾರ್ಚ್ 2ರಂದು, ಅಮೆರಿಕದ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ. ಜರ್ಮನ್ ಮೂಲದ ಮನೆತನ. ಸೂಸ್ ಅನ್ನುವುದು ತಾಯಿಯ ತವರಿನ ಹೆಸರು, ಅವರ ಮನೆಯ ಉಚ್ಚಾರಣೆಯಲ್ಲಿ ಅದು 'ಸೋಯ್ಸ್'. ಅಮೆರಿಕದವರೆಲ್ಲ ಸೂಸ್ ಎಂದೇ ಓದಿದರು, ಕೊನೆಗೆ ಅವರೂ ಒಪ್ಪಿಕೊಂಡರು. ಒಂದು ದೇಶದ ಮಕ್ಕಳಿಗೆಲ್ಲ ಓದು ಕಲಿಸಿದವರ ಹೆಸರನ್ನೇ ಜನ ಸರಿಯಾಗಿ ಓದಲಿಲ್ಲ! ತಾಯಿ ಹೆನ್ರಿಯೆಟ್ಟಾ ಮದುವೆಗೆ ಮುಂಚೆ ತಂದೆಯ ಬೇಕರಿಯಲ್ಲಿ ಕೆಲಸ ಮಾಡಿದವರು. ಅಲ್ಲಿ ಮಾರುತ್ತಿದ್ದ ಕಡುಬುಗಳ ಹೆಸರನ್ನು ಲಯಬದ್ಧವಾಗಿ ಹೇಳುತ್ತ ಮಕ್ಕಳನ್ನು ಮಲಗಿಸುತ್ತಿದ್ದರು. ತಮ್ಮ ಬರವಣಿಗೆಯ ಲಯ ಬಂದದ್ದು ಅಮ್ಮನಿಂದ ಎಂದು ಮಗ ಕಡೆಯವರೆಗೂ ನಂಬಿದ್ದರು.

ಕಾಲೇಜು ಡಾರ್ಟ್‌ಮತ್‌ನಲ್ಲಿ. ಪಾನನಿಷೇಧದ ಕಾಲದಲ್ಲಿ ಗೆಳೆಯರೊಂದಿಗೆ ಕುಡಿದು ಸಿಕ್ಕಿಬಿದ್ದು ಕಾಲೇಜಿನ ಹಾಸ್ಯಪತ್ರಿಕೆಯ ಸಂಪಾದಕತ್ವ ಕಳೆದುಕೊಂಡರು. ಗುಟ್ಟಾಗಿ ಬರೆಯುವಾಗ ಬಳಸಿದ ಹೆಸರುಗಳಲ್ಲಿ ಸೂಸ್ ಒಂದು. 1925ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ಪರಿಚಯವಾದವರು ಹೆಲೆನ್ ಪಾಮರ್, ಇವರಿಗಿಂತ ಐದಾರು ವರ್ಷ ದೊಡ್ಡವರು, ಅಷ್ಟರಲ್ಲೇ ಬ್ರೂಕ್ಲಿನ್ನಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡಿ ಬಂದವರು. ಪಾಠದ ಹೊತ್ತಿನಲ್ಲಿ ಈತ ನೋಟ್‌ಬುಕ್ಕಿನ ಅಂಚಿನಲ್ಲಿ ಗೀಚುತ್ತಿದ್ದ ವಿಚಿತ್ರ ಪ್ರಾಣಿಗಳನ್ನು ನೋಡಿ, ಪ್ರೊಫೆಸರ್ ಆಗುವ ಆಸೆ ಬಿಟ್ಟು ಚಿತ್ರ ಬರೆಯುವಂತೆ ಹೇಳಿದವರು ಅವರೇ. ಡಿಗ್ರಿ ಮುಗಿಸದೆ ಗೈಸೆಲ್ ಊರಿಗೆ ಮರಳಿದರು. 1927ರಲ್ಲಿ ಮದುವೆ.

ಮುಂದೆ ಬಹಳ ವರ್ಷ ಸಂಸಾರ ನಡೆದದ್ದು ಫ್ಲಿಟ್ ಎಂಬ ಕೀಟನಾಶಕದ ಜಾಹೀರಾತು ಚಿತ್ರಗಳಿಂದ. ಮೊದಲ ಮಕ್ಕಳ ಪುಸ್ತಕವನ್ನು ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ತಿರಸ್ಕರಿಸಿದ ಮೇಲೆ, ದಾರಿಯಲ್ಲಿ ಅಕಸ್ಮಾತ್ ಸಿಕ್ಕ ಹಳೆಯ ಕಾಲೇಜು ಗೆಳೆಯನಿಂದಾಗಿ ಅದು 1937ರಲ್ಲಿ ಅಚ್ಚಾಯಿತು. ಯುದ್ಧಕಾಲದಲ್ಲಿ ಹಿಟ್ಲರನ ವಿರುದ್ಧ ಚುರುಕಾದ ವ್ಯಂಗ್ಯಚಿತ್ರ ಬರೆದ ಅದೇ ಕೈ, ಅಮೆರಿಕದಲ್ಲೇ ನೆಲೆಸಿದ್ದ ಜಪಾನಿ ಮೂಲದವರನ್ನು ದ್ರೋಹಿಗಳಂತೆ ಚಿತ್ರಿಸಿತು. ಜನಾಂಗಗಳನ್ನು ಹೀಗಳೆಯುವ ಚಿತ್ರಗಳಿದ್ದ ಅವರ ಆರು ಪುಸ್ತಕಗಳ ಪ್ರಕಟಣೆಯನ್ನು 2021ರಲ್ಲಿ ನಿಲ್ಲಿಸಲಾಯಿತು. ಮಕ್ಕಳ ಕೈಗೆ ಪುಸ್ತಕ ಕೊಡುವ ನಾವು ಇದನ್ನೂ ತಿಳಿದಿರಬೇಕು ಎಂದು ನನಗನ್ನಿಸುತ್ತದೆ.

ಇನ್ನು ಬೆಕ್ಕಿನ ಕಥೆ. 1954ರಲ್ಲಿ ಲೇಖಕ ಜಾನ್ ಹರ್ಸಿ 'ಲೈಫ್' ಪತ್ರಿಕೆಯಲ್ಲಿ ಶಾಲೆಯ ಓದುಪುಸ್ತಕಗಳು ನೀರಸವಾಗಿವೆ ಎಂದು ದೂರಿದರು. ಮರುವರ್ಷ ರುಡಾಲ್ಫ್ ಫ್ಲೆಶ್ ಒಂದು ಪುಸ್ತಕವನ್ನೇ ಬರೆದರು. ಆಗ ಅಲ್ಲಿ ಮಕ್ಕಳು ಪ್ರತಿ ಪದವನ್ನೂ ಚಿತ್ರದಂತೆ ಇಡಿಯಾಗಿ ಬಾಯಿಪಾಠ ಮಾಡುತ್ತಿದ್ದರು. ಅಕ್ಷರಕ್ಕೆ ಯಾವ ಧ್ವನಿ ಎಂಬುದನ್ನು, ಅಂದರೆ ಫೋನಿಕ್ಸ್ ಅನ್ನು, ಕಲಿಸಬೇಕು ಎಂಬುದು ಫ್ಲೆಶ್ ವಾದ. ಹೌಟನ್ ಮಿಫ್ಲಿನ್ ಪ್ರಕಾಶನದ ವಿಲಿಯಂ ಸ್ಪಾಲ್ಡಿಂಗ್ ಅವರು ಗೈಸೆಲ್ ಕೈಗೆ ಸುಮಾರು 350 ಸರಳ ಪದಗಳ ಪಟ್ಟಿ ಕೊಟ್ಟು, ಅದರಲ್ಲಿ 225ರಷ್ಟನ್ನೇ ಆರಿಸಿ, ಮಕ್ಕಳು ಕೆಳಗಿಡಲಾರದಂಥ ಕಥೆ ಬರೆಯಲು ಕೇಳಿಕೊಂಡರು.

ಬೇಗ ಮುಗಿಯುವ ಕೆಲಸ ಎಂದುಕೊಂಡಿದ್ದು ವರ್ಷ ಮೀರಿತು. ಕಡಿಮೆ ಮೆಮೊರಿಯ ಸಾಧನಕ್ಕೆ ಕೋಡ್ ಬರೆದವರಿಗೆ ಈ ಸಂಕಟ ಗೊತ್ತು, ಬೇಕಾದದ್ದು ಮಾತ್ರ ಎಂದೂ ಇರುವುದಿಲ್ಲ. ಪಟ್ಟಿಯಲ್ಲಿ ಮೊದಲು ಸಿಕ್ಕ ಎರಡು ಪ್ರಾಸಪದಗಳನ್ನೇ ಹೆಸರು ಮಾಡುತ್ತೇನೆ ಎಂದು ಹಟ ಹಿಡಿದಾಗ ಕ್ಯಾಟ್, ಹ್ಯಾಟ್ ಸಿಕ್ಕವು ಎಂದು ಅವರೇ ಹೇಳಿಕೊಳ್ಳುತ್ತಿದ್ದರು. 1957ರಲ್ಲಿ ಪುಸ್ತಕ ಬಂದಾಗ ಅದರಲ್ಲಿದ್ದ ಬೇರೆಬೇರೆ ಪದಗಳು 236. ಅವುಗಳಲ್ಲಿ 221 ಒಂದೇ ಉಸಿರಿನ ಪದಗಳು, ಮೂರು ಉಚ್ಚಾರಾಂಶವಿರುವುದು 'ಅನದರ್' ಒಂದೇ.

ಪಟ್ಟಿ ಧ್ವನಿ ನೋಡಿ ಮಾಡಿದ್ದಲ್ಲ. ಫೋನಿಕ್ಸ್ ಬಂದದ್ದು ಪ್ರಾಸದಿಂದ. ಮೊದಲ ಅಕ್ಷರ ಬದಲಾಗುತ್ತದೆ, ಕೊನೆಯ ಎರಡು ಅಕ್ಷರ ಹಾಗೇ ಇರುತ್ತವೆ. ನಮ್ಮ ಹುಡುಗರು ಹಲ್ಲು, ಕಲ್ಲು, ಬಿಲ್ಲು ಎಂದು ಆಡುತ್ತಾ ಕಲಿತಂತೆಯೇ. ಒಂದು ಸಾಲು ಓದಿದ ಮಗುವಿಗೆ ಮುಂದಿನ ಸಾಲಿನ ಕೊನೆಯ ಪದ ಕಿವಿಗೆ ಮೊದಲೇ ಕೇಳಿಸುತ್ತದೆ, ಆಮೇಲೆ ಕಣ್ಣು ಅಕ್ಷರಗಳನ್ನು ಹೊಂದಿಸಿಕೊಳ್ಳುತ್ತದೆ. ಜೊತೆಗೆ ಕಥೆಯ ಬಿಗಿ ಇದೆ. ಮಳೆ, ಮನೆಯಲ್ಲಿ ಇಬ್ಬರು ಮಕ್ಕಳು, ಅಮ್ಮ ಹೊರಗೆ, ಮನೆ ಚೆಲ್ಲಾಪಿಲ್ಲಿ. ಅಮ್ಮ ಬರುವಷ್ಟರಲ್ಲಿ ಸರಿಹೋದೀತೇ? ಪುಟ ತಿರುಗಿಸದೆ ಯಾವ ಮಗುವೂ ಬಿಡುವುದಿಲ್ಲ. ಆಮೇಲೆ ಪ್ರಕಾಶಕ ಬೆನೆಟ್ ಸರ್ಫ್ 50 ಪದಗಳಲ್ಲಿ ಬರೆಯಲಾರಿರಿ ಎಂದು 50 ಡಾಲರ್ ಪಂಥ ಕಟ್ಟಿದರು. 1960ರ 'ಗ್ರೀನ್ ಎಗ್ಸ್ ಅಂಡ್ ಹ್ಯಾಮ್' ಹುಟ್ಟಿದ್ದು ಹಾಗೆ. ಪಂಥದ ಹಣ ಬರಲೇ ಇಲ್ಲವಂತೆ.

ಇಷ್ಟು ಓದಿದ ಮೇಲೆ ನನ್ನ ಮನಸ್ಸು ನಿಂತದ್ದು ಹೆಲೆನ್ ಹತ್ತಿರ. ಅವರಿಗೆ ಮಕ್ಕಳಾಗಲಿಲ್ಲ. ಗೆಳೆಯರು ತಮ್ಮ ಮಕ್ಕಳ ಬಗ್ಗೆ ಕೊಚ್ಚಿಕೊಂಡಾಗ ಗಂಡಹೆಂಡಿರು ಕ್ರಿಸಾಂಥಮಮ್ ಪರ್ಲ್ ಎಂಬ ಇಲ್ಲದ ಮಗಳ ಸಾಹಸಗಳನ್ನು ಹೇಳುತ್ತಿದ್ದರು. 1938ರ ಒಂದು ಪುಸ್ತಕದ ಅರ್ಪಣೆಯೂ ಅವಳಿಗೇ! 1954ರಲ್ಲಿ ಹೆಲೆನ್‌ಗೆ ಗಿಯಾನ್ ಬಾರೆ ಕಾಯಿಲೆ ತಗುಲಿ ಮೈ ಸ್ವಾಧೀನ ತಪ್ಪಿತು. ನಿಧಾನವಾಗಿ ಚೇತರಿಸಿಕೊಂಡು, ಹೊಸ ಓದುಗರಿಗಾಗಿ ಶುರುವಾದ 'ಬಿಗಿನರ್ ಬುಕ್ಸ್' ಮಾಲೆಯನ್ನು ಗಂಡ ಮತ್ತು ಫಿಲಿಸ್ ಸರ್ಫ್ ಜೊತೆ ನಡೆಸಿದರು. ವರ್ಷಗಟ್ಟಲೆ ಅನಾರೋಗ್ಯ, ಜೊತೆಗೆ ಗಂಡನಿಗೆ ಇನ್ನೊಬ್ಬರೊಡನೆ ಬೆಳೆದ ಸ್ನೇಹ. 1967ರ ಅಕ್ಟೋಬರಿನಲ್ಲಿ ಹೆಲೆನ್ ತಮ್ಮ ಜೀವ ತಾವೇ ಕಳೆದುಕೊಂಡರು. ಮರುವರ್ಷ ಗೈಸೆಲ್ ಆ ಸ್ನೇಹಿತೆ ಆಡ್ರಿಯವರನ್ನು ಮದುವೆಯಾದರು. 1984ರಲ್ಲಿ ವಿಶೇಷ ಪುಲಿಟ್ಜರ್ ಗೌರವ ಬಂತು. 1991ರ ಸೆಪ್ಟೆಂಬರ್ 24ರಂದು, 87ನೆಯ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ ತೀರಿಕೊಂಡರು.

ಹೆಲೆನ್ ತಾವೂ ಆ ಮಾಲೆಗೆ ಬರೆದಿದ್ದಾರೆ. 1961ರ 'ಎ ಫಿಶ್ ಔಟ್ ಆಫ್ ವಾಟರ್' ಈಗ ನಮ್ಮ ಮನೆಯಲ್ಲಿದೆ. ಅಂಗಡಿಯವನ ಮಾತು ಕೇಳದೆ ಹುಡುಗ ಹೆಚ್ಚು ತಿಂಡಿ ಹಾಕಿದ್ದಕ್ಕೆ ಮೀನು ಬಟ್ಟಲು ಮೀರಿ ಬೆಳೆಯುವ ಕಥೆ. ಮಗಳು ರಾತ್ರಿ ಅದನ್ನೇ ಕೇಳುತ್ತಾಳೆ, ಮುಖಪುಟದ ಹೆಸರನ್ನೂ ಕೂಡಿಸಿ ಓದುತ್ತಾಳೆ. ಅಲ್ಲಿ ಗಂಡನ ಅಡ್ಡಹೆಸರಿಲ್ಲ, ಹೆಲೆನ್ ಪಾಮರ್ ಎಂದಷ್ಟೇ ಇದೆ.