ಥಾಮಸ್ ಮನ್ರೋ

ಸರ್ ಥಾಮಸ್ ಮನ್ರೋ (27 ಮೇ 1761 – 6 ಜುಲೈ 1827) ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ, ಕಲೆಕ್ಟರ್ ಹಾಗೂ ಮದ್ರಾಸಿನ ಗವರ್ನರ್ ಆಗಿದ್ದರು. ಸರ್ಕಾರವು ರೈತನೊಡನೆ ನೇರವಾಗಿ ಕಂದಾಯವನ್ನು ಗೊತ್ತುಪಡಿಸುವ ರೈತವಾರಿ ಪದ್ಧತಿಯನ್ನು ರೂಪಿಸಿದವರಲ್ಲಿ ಇವರು ಪ್ರಮುಖರು. ಇಂದಿನ ಬಳ್ಳಾರಿ, ಅನಂತಪುರ, ಕಡಪ ಮತ್ತು ಕರ್ನೂಲು ಸೀಮೆಗಳನ್ನು ಒಳಗೊಂಡಿದ್ದ ದತ್ತ ಮಂಡಲದಲ್ಲಿ ಇವರು ನಡೆಸಿದ ಹೊಲವಾರು ಮೋಜಣಿಯು ದಕ್ಷಿಣ ಭಾರತದ ಆರಂಭಿಕ ವ್ಯವಸ್ಥಿತ ಕೃಷಿ ಸಮೀಕ್ಷೆಗಳಲ್ಲಿ ಒಂದಾಗಿದೆ.

ಆರಂಭಿಕ ಜೀವನ

ಮನ್ರೋ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದರು. ತಂದೆ ಅಲೆಕ್ಸಾಂಡರ್ ಮನ್ರೋ ಅಮೆರಿಕದ ವರ್ಜೀನಿಯಾದೊಡನೆ ವ್ಯಾಪಾರ ನಡೆಸುತ್ತಿದ್ದರು. ಅಮೆರಿಕದ ಸ್ವಾತಂತ್ರ್ಯ ಯುದ್ಧದಿಂದ ಆ ವ್ಯಾಪಾರ ಕುಸಿಯಿತು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದಿದ್ದ ಥಾಮಸ್ 1779ರಲ್ಲಿ ಕಂಪನಿಯ ಕಾಲಾಳುಪಡೆಗೆ ಕೆಡೆಟ್ ಆಗಿ ಸೇರಿ, 1780ರ ಜನವರಿಯಲ್ಲಿ ಮದ್ರಾಸಿಗೆ ಬಂದರು. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ವಿರುದ್ಧದ ಯುದ್ಧಗಳಲ್ಲಿ ಭಾಗವಹಿಸಿದರು.

ಬಾರಾಮಹಲ್ ಮತ್ತು ಕೆನರಾ

1792ರಲ್ಲಿ ಟಿಪ್ಪುವಿನಿಂದ ಕಂಪನಿಗೆ ಬಂದ ಬಾರಾಮಹಲ್ ಪ್ರಾಂತ್ಯದಲ್ಲಿ ಅಲೆಕ್ಸಾಂಡರ್ ರೀಡ್ ಅವರ ಸಹಾಯಕರಾಗಿ ಮನ್ರೋ ಸುಮಾರು ಏಳು ವರ್ಷ ಕೆಲಸ ಮಾಡಿದರು. ಹಳ್ಳಿಗಳಿಗೆ ಹೋಗಿ ರೈತರನ್ನು ಕಂಡು ಕಂದಾಯವನ್ನು ನಿರ್ಧರಿಸುವ ಕ್ರಮವನ್ನು ಅವರು ಕಲಿತದ್ದು ಇಲ್ಲಿಯೇ. 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಕೆನರಾದ ಕಲೆಕ್ಟರ್ ಆಗಿ ನೇಮಕಗೊಂಡರು. ಅಲ್ಲಿನ ಹಳೆಯ ದಾಖಲೆಗಳನ್ನು ಪರಿಶೀಲಿಸಿ, ಕರಾವಳಿಯಲ್ಲಿ ಭೂಮಿಯು ವಂಶಪಾರಂಪರ್ಯವಾಗಿ ಖಾಸಗಿ ಸ್ವತ್ತಾಗಿ ನಡೆದುಬಂದಿದೆ ಎಂದು 1800ರಲ್ಲಿ ವರದಿ ಮಾಡಿದರು.

ದತ್ತ ಮಂಡಲದ ಮೋಜಣಿ

1800ರ ಅಕ್ಟೋಬರ್ ಒಪ್ಪಂದದಂತೆ ಹೈದರಾಬಾದಿನ ನಿಜಾಮನು ತುಂಗಭದ್ರೆಯ ದಕ್ಷಿಣದ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. ನದಿಯ ಉತ್ತರ ದಂಡೆಯ ಕೊಪ್ಪಳ ಸೀಮೆ ನಿಜಾಮನಲ್ಲಿಯೇ ಉಳಿಯಿತು. ಹೀಗಾಗಿ ನವಲಿ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಹೊಲಗಳು ಈ ಮೋಜಣಿಗೆ ಒಳಪಡಲಿಲ್ಲ. ನದಿಯಾಚೆಯ ಬಳ್ಳಾರಿ ಭಾಗದ ಹೊಲಗಳು ಒಳಪಟ್ಟವು.

ಹೊಸ ಪ್ರಾಂತ್ಯಕ್ಕೆ ಮನ್ರೋ ಮುಖ್ಯ ಕಲೆಕ್ಟರ್ ಆದರು. ಆಗ ಅಲ್ಲಿ ಸುಮಾರು 80 ಪಾಳೆಯಗಾರರಿದ್ದರು. ಮನ್ರೋ ಅವರನ್ನು ಸೇನೆಯ ನೆರವಿನಿಂದ ಹತ್ತಿಕ್ಕಿದರು. ಈ ವಿಷಯದಲ್ಲಿ ಅವರು ಅನುಸರಿಸಿದ ಕಠಿಣ ಕ್ರಮಗಳನ್ನು ಕಂಪನಿಯ ನಿರ್ದೇಶಕ ಮಂಡಳಿಯೂ ಆಕ್ಷೇಪಿಸಿತ್ತು.

ಮೊದಲ ವರ್ಷ ಅವಸರದಲ್ಲಿ ಹಳ್ಳಿಗಳ ಲೆಕ್ಕದಲ್ಲಿ ಕಂದಾಯವನ್ನು ಗೊತ್ತುಪಡಿಸಲಾಯಿತು. ನಂತರ ಕುಳವಾರು, ಅಂದರೆ ಒಬ್ಬೊಬ್ಬ ರೈತನೊಡನೆ ಪ್ರತ್ಯೇಕವಾಗಿ, ನಿಗದಿ ಆರಂಭವಾಯಿತು. ಇದಕ್ಕೆ ಪ್ರತಿ ಹೊಲದ ವಿಸ್ತೀರ್ಣ ಮತ್ತು ಗುಣದ ದಾಖಲೆ ಬೇಕಾಗಿತ್ತು. ಶಾನುಭೋಗರ ಲೆಕ್ಕಗಳನ್ನು ಮಾತ್ರ ನಂಬುವಂತಿರಲಿಲ್ಲ.

1802ರ ಜೂನ್‌ನಲ್ಲಿ ಮೋಜಣಿ ಆರಂಭವಾದಾಗ ಭೂಮಿ ಅಳೆಯಬಲ್ಲ ಗುಮಾಸ್ತರು ನಾಲ್ವರು ಮಾತ್ರ ಇದ್ದರು. ಸ್ಥಳೀಯರಿಗೆ ಅಳತೆಯ ಕೆಲಸವನ್ನು ಕಲಿಸಿ, ಮುಂದಿನ ವರ್ಷದ ಹೊತ್ತಿಗೆ ಅಳತೆಗಾರರ ಸಂಖ್ಯೆಯನ್ನು ನೂರಕ್ಕೆ ಏರಿಸಲಾಯಿತು. ಮೊದಲು ಆರು ಮಂದಿಯ, ಆಮೇಲೆ ಹತ್ತು ಮಂದಿಯ ತಂಡಗಳನ್ನು ಮಾಡಿ, ಪ್ರತಿ ತಂಡಕ್ಕೂ ಒಬ್ಬ ಮುಖ್ಯ ಅಳತೆಗಾರನನ್ನು ನೇಮಿಸಲಾಯಿತು. ಅಳತೆಗಾರರಿಗೆ ಎಕರೆ ಲೆಕ್ಕದಲ್ಲಿ ಕೂಲಿ ಸಿಗುತ್ತಿತ್ತು. ಇದರಿಂದ ಕೆಲಸ ಬೇಗ ಸಾಗಿದರೂ ಅವಸರದ ತಪ್ಪುಗಳಿಗೆ ಅವಕಾಶವಿತ್ತು. ಆದ್ದರಿಂದ ಮುಖ್ಯ ಅಳತೆಗಾರರು ಅಳೆದ ಹೊಲಗಳಲ್ಲಿ ಕೆಲವನ್ನು ಮತ್ತೆ ಅಳೆದು ತಾಳೆ ನೋಡುತ್ತಿದ್ದರು.

ಎಲ್ಲ ತಂಡಗಳೂ 33 ಅಡಿ ಉದ್ದದ ಒಂದೇ ಬಗೆಯ ಸರಪಳಿಯನ್ನು ಬಳಸಿದವು. 33 ಅಡಿ ಉದ್ದ, 33 ಅಡಿ ಅಗಲದ 40 ಚೌಕಗಳು ಸೇರಿದರೆ ಒಂದು ಎಕರೆಯಾಗುತ್ತದೆ. ಕರ್ನಾಟಕದ ಪಹಣಿಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಗುಂಟೆಯ ಅಳತೆಯೂ ಇದೇ ಆಗಿದೆ. ಗುಡ್ಡ ಮತ್ತು ಬಂಡೆಗಳನ್ನು ಬಿಟ್ಟು, ಸಾಗುವಳಿ ಭೂಮಿ ಹಾಗೂ ಬೀಳು ಭೂಮಿಗಳೆರಡನ್ನೂ ಅಳೆಯಲಾಯಿತು.

ಅಳತೆಗಾರರ ಹಿಂದೆಯೇ ದರ ನಿರ್ಧರಿಸುವವರ ತಂಡ ಬರುತ್ತಿತ್ತು. ಅವರು ಗೌಡ, ಶಾನುಭೋಗ ಹಾಗೂ ರೈತರ ಸಮ್ಮುಖದಲ್ಲಿ ಭೂಮಿಯನ್ನು ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡಿಸಿ, ಫಲವತ್ತತೆಗೆ ಅನುಗುಣವಾಗಿ ತರಗತಿಗಳನ್ನು ಗುರುತಿಸುತ್ತಿದ್ದರು. ಕೊನೆಯ ಪರಿಶೀಲನೆ ಕಲೆಕ್ಟರರ ಕಚೇರಿಯಲ್ಲಿ ನಡೆಯುತ್ತಿತ್ತು. ಈ ಕ್ರಮದ ವಿವರಗಳನ್ನು ಮನ್ರೋ 1807ರ ಜುಲೈನ ವರದಿಯಲ್ಲಿ ದಾಖಲಿಸಿದ್ದಾರೆ.

ಜೀವನವೆಚ್ಚದ ಲೆಕ್ಕ

ಮನ್ರೋ ಅವರು ದತ್ತ ಮಂಡಲದ ಜನಗಣತಿಯನ್ನೂ ಮಾಡಿಸಿದರು. ಜನಸಂಖ್ಯೆ ಸುಮಾರು 20 ಲಕ್ಷವೆಂದು ಕಂಡುಬಂದಿತು. ಜನರನ್ನು ಅನುಕೂಲಸ್ಥಿತಿಗೆ ತಕ್ಕಂತೆ ಮೂರು ವರ್ಗಗಳಾಗಿ ವಿಂಗಡಿಸಿ, ಅನ್ನ, ಬಟ್ಟೆ ಮೊದಲಾದವುಗಳಿಗೆ ತಲಾ ಎಷ್ಟು ಖರ್ಚಾಗುತ್ತದೆ ಎಂದು ಅಂದಾಜಿಸಲಾಯಿತು. 1813ರಲ್ಲಿ ಬ್ರಿಟಿಷ್ ಸಂಸತ್ತಿನ ಕೆಳಮನೆಯ ಸಮಿತಿಯ ಮುಂದೆ ಸಾಕ್ಷ್ಯ ನುಡಿದಾಗ ಕೂಲಿ ಮತ್ತು ಜೀವನವೆಚ್ಚದ ಇಂತಹ ಅಂಕಿಗಳನ್ನು ಅವರು ಮುಂದಿಟ್ಟರು. ಕಡಿಮೆ ಕೂಲಿಯ ಜನರು ತಮ್ಮಲ್ಲಿಯೇ ನೇಯ್ದ ಒರಟು ಉಣ್ಣೆಯ ಬಟ್ಟೆಯನ್ನು ಹೊದೆಯುವುದರಿಂದ ಇಂಗ್ಲೆಂಡಿನ ಉಣ್ಣೆ ಬಟ್ಟೆಗೆ ಇಲ್ಲಿ ಹೆಚ್ಚಿನ ಮಾರಾಟ ದೊರೆಯದು ಎಂಬುದು ಅವರ ಅಭಿಪ್ರಾಯವಾಗಿತ್ತು.

ಕಂದಾಯದ ಹೊರೆ

ಅಳತೆಯು ಕ್ರಮಬದ್ಧವಾಗಿದ್ದರೂ ಅದರ ಮೇಲೆ ನಿಗದಿಪಡಿಸಿದ ದರ ಭಾರವಾಗಿತ್ತು. ಅದು ಒಟ್ಟು ಬೆಳೆಯ ಸುಮಾರು 45 ಶೇಕಡಾದಷ್ಟಿತ್ತು. ದರವನ್ನು ಬೆಳೆಯ ಮೂರನೆಯ ಒಂದು ಭಾಗಕ್ಕೆ ಇಳಿಸದೆ ರೈತವಾರಿ ಪದ್ಧತಿ ಶಾಶ್ವತವಾಗಿ ನಿಲ್ಲದೆಂದು ಅರಿತ ಮನ್ರೋ, 1807ರ ಆಗಸ್ಟ್‌ನಲ್ಲಿ ಎಲ್ಲ ಭೂಮಿಗೂ 25 ಶೇಕಡಾ ಕಡಿತವನ್ನು, ಕೆಲವು ನೀರಾವರಿ ಭೂಮಿಗೆ ಇನ್ನೂ 8 ಶೇಕಡಾ ಕಡಿತವನ್ನು ಶಿಫಾರಸು ಮಾಡಿದರು.

ಅದೇ ವರ್ಷ ಅವರು ಸ್ವದೇಶಕ್ಕೆ ತೆರಳಿದರು. ಶಿಫಾರಸು ಜಾರಿಗೆ ಬರಲಿಲ್ಲ. 1808ರಲ್ಲಿ ದತ್ತ ಮಂಡಲವನ್ನು ಬಳ್ಳಾರಿ ಮತ್ತು ಕಡಪ ಎಂಬ ಎರಡು ಜಿಲ್ಲೆಗಳಾಗಿ ವಿಭಜಿಸಲಾಯಿತು. ರೈತವಾರಿಯ ಬದಲು ಇಡೀ ಹಳ್ಳಿಗಳನ್ನು ಗುತ್ತಿಗೆಗೆ ಕೊಡುವ ಪದ್ಧತಿ ಮೊದಲು ಮೂರು ವರ್ಷಗಳಿಗೆ, ಆಮೇಲೆ ಹತ್ತು ವರ್ಷಗಳಿಗೆ ಬಂದಿತು. ಹಳೆಯ ಭಾರವಾದ ದರದ ಆಧಾರದ ಮೇಲೆಯೇ ನಡೆದ ಈ ಗುತ್ತಿಗೆಗಳಿಂದ ಅನೇಕ ಗುತ್ತಿಗೆದಾರರೂ ರೈತರೂ ನಷ್ಟಕ್ಕೆ ಒಳಗಾದರು. ಮನ್ರೋ ಗವರ್ನರ್ ಆದ ಬಳಿಕ ರೈತವಾರಿ ಪದ್ಧತಿಯೂ ಅವರು ಹಿಂದೆ ಸೂಚಿಸಿದ್ದ ಕಡಿತವೂ ಜಾರಿಗೆ ಬಂದವು.

ಗವರ್ನರ್ ಹುದ್ದೆ

1814ರಲ್ಲಿ ಜೇನ್ ಕ್ಯಾಂಪ್‌ಬೆಲ್ ಅವರನ್ನು ವಿವಾಹವಾದ ಮನ್ರೋ, ನ್ಯಾಯಾಡಳಿತದ ಸುಧಾರಣಾ ಆಯೋಗದ ಮುಖ್ಯಸ್ಥರಾಗಿ ಮದ್ರಾಸಿಗೆ ಮರಳಿದರು. 1817–18ರ ಮರಾಠಾ ಯುದ್ಧದಲ್ಲಿ ಧಾರವಾಡ, ಹುಬ್ಬಳ್ಳಿ, ಬಾದಾಮಿ, ಬೆಳಗಾವಿ ಪ್ರದೇಶಗಳನ್ನು ಕಂಪನಿಯ ವಶಕ್ಕೆ ತಂದರು. 1820ರಲ್ಲಿ ಮದ್ರಾಸಿನ ಗವರ್ನರ್ ಆದರು. 1825ರಲ್ಲಿ ಬ್ಯಾರೊನೆಟ್ ಪದವಿ ದೊರೆಯಿತು.

1822ರಲ್ಲಿ ಅವರು ಪ್ರಾಂತ್ಯದ ಎಲ್ಲ ಕಲೆಕ್ಟರರಿಂದ ದೇಶೀಯ ಶಾಲೆಗಳ ವಿವರಗಳನ್ನು ಕೇಳಿದರು. ಬಳ್ಳಾರಿ ಜಿಲ್ಲೆಯ ವರದಿಯಲ್ಲಿ 533 ಶಾಲೆಗಳು ದಾಖಲಾದವು. ಇಡೀ ಪ್ರಾಂತ್ಯದಲ್ಲಿ 12,498 ಶಾಲೆಗಳೂ 1,88,650 ವಿದ್ಯಾರ್ಥಿಗಳೂ ಇದ್ದರೆಂದು 1826ರ ಅವರ ಟಿಪ್ಪಣಿ ತಿಳಿಸುತ್ತದೆ. ಇದರ ಆಧಾರದ ಮೇಲೆ ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ಸರ್ಕಾರಿ ಶಾಲೆಗಳನ್ನು ತೆರೆಯುವ ಯೋಜನೆಯನ್ನು ಅವರು ಮುಂದಿಟ್ಟರು.

ಮರಣ ಮತ್ತು ಸ್ಮರಣೆ

ಸ್ವದೇಶಕ್ಕೆ ಮರಳುವ ಮುನ್ನ ದತ್ತ ಮಂಡಲದಲ್ಲಿ ವಿದಾಯದ ಪ್ರವಾಸ ಮಾಡುತ್ತಿದ್ದಾಗ ಮನ್ರೋ ಕಾಲರಾ ರೋಗಕ್ಕೆ ತುತ್ತಾಗಿ, 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ನಿಧನರಾದರು. ಗುತ್ತಿಯಲ್ಲಿ ಸಮಾಧಿ ಮಾಡಿದ್ದ ದೇಹವನ್ನು ನಂತರ ಮದ್ರಾಸಿನ ಸೇಂಟ್ ಮೇರಿ ಚರ್ಚಿಗೆ ಸಾಗಿಸಲಾಯಿತು. ಶಿಲ್ಪಿ ಫ್ರಾನ್ಸಿಸ್ ಚಾಂಟ್ರಿ ನಿರ್ಮಿಸಿದ ಅವರ ಅಶ್ವಾರೂಢ ಪ್ರತಿಮೆ ಚೆನ್ನೈನಲ್ಲಿದೆ.

ಮಂತ್ರಾಲಯದ ಮಠದ ಭೂಮಿಯ ವಿಚಾರಣೆಗೆ ಹೋದಾಗ ಮನ್ರೋ ಅವರಿಗೆ ಶ್ರೀ ರಾಘವೇಂದ್ರ ಸ್ವಾಮಿಗಳು ದರ್ಶನವಿತ್ತರೆಂಬ ಐತಿಹ್ಯವು ಭಕ್ತರಲ್ಲಿ ಪ್ರಚಲಿತವಾಗಿದೆ. ದತ್ತ ಮಂಡಲದ ಕೆಲವು ಕುಟುಂಬಗಳು ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟಿದ್ದವೆಂದೂ ಹೇಳಲಾಗುತ್ತದೆ.