ಗವರ್ನರ್ ಮೆಕ್ವಾರಿಯ ಪಂಕ್ತಿ

ಕ್ರಿ. ಶ. 1799ನೆಯ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದ ಕಥೆಯನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಕೋಟೆಯನ್ನು ಮುತ್ತಿದವರ ಪೈಕಿ ಹ್ಯಾರಿಸ್, ಬೇರ್ಡ್, ವೆಲ್ಲೆಸ್ಲಿ ಮೊದಲಾದವರ ಹೆಸರುಗಳು ನಮಗೆ ಪರಿಚಿತವಾದವು. ಆದರೆ ಕಣ್ಣೂರಿನ ಕಡೆಯಿಂದ ಕೊಡಗಿನ ಮಾರ್ಗವಾಗಿ ಬಂದ ಮುಂಬಯಿ ಸೈನ್ಯದಲ್ಲಿ ಲಾಕ್ಲನ್ ಮೆಕ್ವಾರಿ ಎಂಬ ಅಧಿಕಾರಿಯೊಬ್ಬನಿದ್ದ. ನಮ್ಮ ನಾಡಿನ ಚರಿತ್ರೆಯಲ್ಲಿ ಅವನಿಗೆ ಒಂದು ಸಾಲೂ ದೊರೆತಿಲ್ಲ. ದೊರೆಯಬೇಕಾದ ಕಾರಣವೂ ಇಲ್ಲ. ಹತ್ತು ವರ್ಷಗಳ ತರುವಾಯ ಅವನು ಬೇರೊಂದು ಭೂಖಂಡಕ್ಕೆ ಅಧಿಪತಿಯಾಗಿ ಹೋದನು. ಸ್ಕಾಟ್ಲೆಂಡಿನ ಮಲ್ ದ್ವೀಪದಲ್ಲಿರುವ ಅವನ ಸಮಾಧಿಯು ಅವನನ್ನು ಆಸ್ಟ್ರೇಲಿಯದ ಪಿತನೆಂದು ಹೆಸರಿಸುತ್ತದೆ.

ಅವನ ಯುದ್ಧಗಳ ವಿವರಕ್ಕೆ ನಾನು ಹೋಗುವುದಿಲ್ಲ. ನಾನು ಹೇಳಹೊರಟಿರುವುದು ಅವನ ಊಟದ ಪಂಕ್ತಿಯ ಕಥೆ. ಯಾರು ಯಾರೊಡನೆ ಕುಳಿತು ಉಣ್ಣಬಹುದೆಂಬ ಪ್ರಶ್ನೆಯಿಂದ ಸಮಾಜಗಳು ಕದಡಿಹೋದುದನ್ನು ನಾವು ನಮ್ಮ ದೇಶದಲ್ಲಿ ಚೆನ್ನಾಗಿ ಕಂಡಿದ್ದೇವೆ. ಆದುದರಿಂದ ಈ ಕಥೆ ನಮಗೆ ದೂರದ್ದಾದರೂ ಅಪರಿಚಿತವಲ್ಲ.

ಮೆಕ್ವಾರಿ ಹುಟ್ಟಿದ್ದು 1762ನೆಯ ಜನವರಿ 31ರಂದು, ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನ ಉಲ್ವ ಎಂಬ ಪುಟ್ಟ ದ್ವೀಪದಲ್ಲಿ. ವಂಶಕ್ಕೆ ಹೆಸರಿತ್ತು, ಹಣವಿರಲಿಲ್ಲ. ಎಳೆಯ ವಯಸ್ಸಿನಲ್ಲೇ ಸೈನ್ಯವನ್ನು ಸೇರಿ ಉತ್ತರ ಅಮೆರಿಕ, ಜಮೈಕಗಳನ್ನು ನೋಡಿ, 1788ರಲ್ಲಿ 77ನೆಯ ಪಟಾಲಮ್ಮಿನೊಡನೆ ಮುಂಬಯಿಗೆ ಬಂದಿಳಿದನು. 1792ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿಯೂ ಅವನಿದ್ದನು. 1793ರಲ್ಲಿ ಮುಂಬಯಿಯಲ್ಲಿ ಜೇನ್ ಜಾರ್ವಿಸ್ ಎಂಬಾಕೆಯನ್ನು ಮದುವೆಯಾದನು. 1795ರಲ್ಲಿ ಕೊಚ್ಚಿಯ ಮಾರುಕಟ್ಟೆಯಿಂದ ಇಬ್ಬರು ಗುಲಾಮ ಬಾಲಕರನ್ನು ಕ್ರಯಕ್ಕೆ ಪಡೆದನು. ಅವರಲ್ಲೊಬ್ಬ ಮುಂದೆ ಕಲ್ಕತ್ತೆಯಲ್ಲಿ ಕಾಣೆಯಾದ. ಜಾರ್ಜ್ ಎಂದು ಹೆಸರಿಟ್ಟ ಇನ್ನೊಬ್ಬ ಯಜಮಾನನ ಜೀವಮಾನದುದ್ದಕ್ಕೂ ಅವನ ಬೆನ್ನ ಹಿಂದೆ ನಡೆದ. ಈ ಜಾರ್ಜನನ್ನು ವಾಚಕರು ಮರೆಯದೆ ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮದುವೆಯಾದ ಮೂರು ವರ್ಷಗಳೊಳಗೆ, 1796ರಲ್ಲಿ, ಜೇನ್ ಕ್ಷಯರೋಗದಿಂದ ಮಕಾವಿನಲ್ಲಿ ತೀರಿಕೊಂಡಳು. ಮೆಕ್ವಾರಿಯ ದುಃಖ ಬಹುಕಾಲ ಆರಲಿಲ್ಲ. 1807ರಲ್ಲಿ ಅವನು ತನ್ನ ದೂರದ ಬಂಧುವಾದ ಎಲಿಜಬೆತ್ ಕ್ಯಾಂಬೆಲ್ಲಳನ್ನು ವರಿಸಿದನು.

ಅವನು ಮುಂಬಯಿಗೆ ಬಂದ 1788ರಲ್ಲೇ, ಜನವರಿ 26ರಂದು, ಆಸ್ಟ್ರೇಲಿಯದ ಪೂರ್ವತೀರದಲ್ಲಿ ಹನ್ನೊಂದು ಹಡಗುಗಳು ಲಂಗರು ಹಾಕಿದ್ದವು. ಅವುಗಳಲ್ಲಿ ಏಳುನೂರಕ್ಕೂ ಮಿಕ್ಕ ಖೈದಿಗಳಿದ್ದರು. ಅಮೆರಿಕವು ಸ್ವತಂತ್ರವಾದ ಮೇಲೆ ಬ್ರಿಟನ್ನಿಗೆ ತನ್ನ ಅಪರಾಧಿಗಳನ್ನು ಸಾಗಿಸಲು ಸ್ಥಳವಿಲ್ಲವಾಗಿತ್ತು. ಅದಕ್ಕಾಗಿ ನ್ಯೂ ಸೌತ್ ವೇಲ್ಸ್ ಎಂಬ ವಸಾಹತು ಹುಟ್ಟಿತು. ಆ ಕಾಲದ ಇಂಗ್ಲೆಂಡಿನ ಕಾನೂನು ಕ್ರೂರವಾದದ್ದು. ಬಟ್ಟೆಯ ಥಾನೊಂದನ್ನೋ ಕುರಿಯೊಂದನ್ನೋ ಕದ್ದವನಿಗೆ ಏಳು ವರ್ಷ, ಹದಿನಾಲ್ಕು ವರ್ಷ, ಇಲ್ಲವೆ ಜೀವಾವಧಿ ದೇಶಾಂತರ ಶಿಕ್ಷೆ. ಶಿಕ್ಷೆಯ ಅವಧಿ ಮುಗಿದರೂ ಸಾವಿರಾರು ಮೈಲಿ ಸಮುದ್ರ ದಾಟಿ ಹಿಂದಿರುಗುವ ಶಕ್ತಿ ಬಹುಮಂದಿಗಿರಲಿಲ್ಲ. ಅವರು ಅಲ್ಲೇ ಉಳಿದರು. ಹೊಲ ಮಾಡಿದರು, ಅಂಗಡಿಯಿಟ್ಟರು, ಮಕ್ಕಳನ್ನು ಹೆತ್ತರು.

ವಸಾಹತಿನ ಆಡಳಿತವಾದರೋ ಕೆಟ್ಟುಹೋಗಿತ್ತು. ಕಾವಲಿಗೆಂದು ಬಂದ ಸೈನ್ಯಾಧಿಕಾರಿಗಳು ರಮ್ ಮದ್ಯದ ವ್ಯಾಪಾರವನ್ನು ಕೈವಶ ಮಾಡಿಕೊಂಡು ಧನಿಕರಾಗಿದ್ದರು. ಅವರನ್ನು ಅಂಕೆಯಲ್ಲಿಡಲು ಹೊರಟ ಗವರ್ನರ್ ಬ್ಲೈ ಎಂಬವನನ್ನು 1808ನೆಯ ಜನವರಿ 26ರಂದು ಅವರೇ ಸೆರೆಹಿಡಿದು ಪದಚ್ಯುತಗೊಳಿಸಿದರು. ಇದನ್ನು ಸರಿಪಡಿಸಲು ಲಂಡನ್ ಸರ್ಕಾರವು ಮೊದಲು ಆರಿಸಿದ್ದು ಬೇರೊಬ್ಬ ಸೇನಾಪತಿಯನ್ನು. ಅವನು ಅಸ್ವಸ್ಥನಾದುದರಿಂದ ಆ ಪದವಿ ಮೆಕ್ವಾರಿಯ ಪಾಲಿಗೆ ಬಂದಿತು. 1810ನೆಯ ಜನವರಿ 1ರಂದು ಸಿಡ್ನಿಯಲ್ಲಿ ಅವನು ಅಧಿಕಾರ ವಹಿಸಿಕೊಂಡಾಗ ಅವನಿಗೆ ನಲವತ್ತೇಳು ವರ್ಷ ವಯಸ್ಸು.

ಅವನು ಕಂಡ ಸಮಾಜದಲ್ಲಿ ಮೂರು ಅಂತಸ್ತುಗಳಿದ್ದವು. ಮೇಲೆ, ಸ್ವಇಚ್ಛೆಯಿಂದ ಬಂದ ಅಧಿಕಾರಿಗಳು, ಜಮೀನುದಾರರು. ಕೆಳಗೆ, ಶಿಕ್ಷೆ ಅನುಭವಿಸುತ್ತಿದ್ದ ಖೈದಿಗಳು. ನಡುವೆ, ಶಿಕ್ಷೆ ಮುಗಿದ ಅಥವಾ ಕ್ಷಮಾದಾನ ಪಡೆದ ವಿಮುಕ್ತರು. ಈ ನಡುವಿನವರು ಎಷ್ಟೇ ಸಂಪನ್ನರಾದರೂ ಮೇಲಿನವರ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಅಪರಾಧದ ಕಳಂಕವು ಹುಟ್ಟಿನಿಂದ ಬಂದ ಜಾತಿಯಂತೆ ಅವರಿಗೆ ಅಂಟಿಕೊಂಡಿತ್ತು. ಮೆಕ್ವಾರಿ ಒಂದು ಸರಳವಾದ ತೀರ್ಮಾನಕ್ಕೆ ಬಂದನು: ಶಿಕ್ಷೆ ತೀರಿದ ಮೇಲೆ ಅಪರಾಧವೂ ತೀರಿತು, ನಡತೆ ಒಳ್ಳೆಯದಾಗಿದ್ದವನು ಉಳಿದ ಪ್ರಜೆಗಳಿಗೆ ಸಮಾನನು. ಇದನ್ನು ಕಾಗದದ ಮೇಲೆ ಬರೆದಿಟ್ಟಿದ್ದರೆ ಯಾರೂ ಚಿಂತಿಸುತ್ತಿರಲಿಲ್ಲವೇನೋ. ಅವನು ವಿಮುಕ್ತರನ್ನು ತನ್ನ ಮನೆಯ ಊಟಕ್ಕೇ ಕರೆದನು.

ಆ ಪಂಕ್ತಿಯಲ್ಲಿ ಕುಳಿತವರು ಯಾರು? ಆಂಡ್ರ್ಯೂ ಥಾಮ್ಸನ್, ಹುಡುಗನಾಗಿದ್ದಾಗ ಕಳ್ಳತನಕ್ಕೆ ಗಡೀಪಾರಾದವನು. 1806ರಲ್ಲಿ ಹಾಕ್ಸ್‌ಬರಿ ನದಿಗೆ ಮಹಾಪೂರ ಬಂದಾಗ ದೋಣಿಯಲ್ಲಿ ಹೋಗಿ ಅನೇಕರ ಪ್ರಾಣವುಳಿಸಿ ತನ್ನ ಆರೋಗ್ಯವನ್ನು ಕಳೆದುಕೊಂಡವನು. ಬಟ್ಟೆ ಕದ್ದು ಬಂದು ದೊಡ್ಡ ವರ್ತಕನಾದ ಸಿಮಿಯನ್ ಲಾರ್ಡ್. 1797ರ ನೌಕಾದಂಗೆಯಲ್ಲಿ ಸಿಕ್ಕಿ ಮರಣದಂಡನೆಯಿಂದ ಪಾರಾದ ವೈದ್ಯ ವಿಲಿಯಂ ರೆಡ್‌ಫರ್ನ್. ಥಾಮ್ಸನ್ನನನ್ನೂ ಲಾರ್ಡನನ್ನೂ ಮೆಕ್ವಾರಿ 1810ರಲ್ಲೇ ಮ್ಯಾಜಿಸ್ಟ್ರೇಟರನ್ನಾಗಿ ನೇಮಿಸಿದನು. ರೆಡ್‌ಫರ್ನ್ ಅವನ ಕುಟುಂಬದ ವೈದ್ಯನಾದನು. ಕರಾರುಪತ್ರವೊಂದನ್ನು ಸುಳ್ಳಾಗಿ ಸೃಷ್ಟಿಸಿ ಸಿಕ್ಕಿಬಿದ್ದ ಶಿಲ್ಪಿ ಫ್ರಾನ್ಸಿಸ್ ಗ್ರೀನ್‌ವೇ ಖೈದಿಯಾಗಿ 1814ರಲ್ಲಿ ಬಂದಾಗ ಅವನಿಂದ ದೀಪಸ್ತಂಭವನ್ನೂ ಇಗರ್ಜಿಗಳನ್ನೂ ಖೈದಿಗಳ ವಸತಿಗೃಹವನ್ನೂ ಕಟ್ಟಿಸಿದನು. ಮುಂದೆ 1966ರಲ್ಲಿ ಹೊರಟ ಆಸ್ಟ್ರೇಲಿಯದ ಹತ್ತು ಡಾಲರಿನ ನೋಟಿನ ಮೇಲೆ ಈ ಗ್ರೀನ್‌ವೇಯ ಚಿತ್ರ ಅಚ್ಚಾಯಿತು. ಸುಳ್ಳುಪತ್ರ ಸೃಷ್ಟಿಸಿದವನಿಗೆ ಸರ್ಕಾರದ ನೋಟಿನಲ್ಲಿ ಸ್ಥಾನ!

ಸಾಹಿತ್ಯಪ್ರಿಯರಿಗೆ ಇನ್ನೊಬ್ಬನ ವಿಷಯ ರುಚಿಸಬಹುದು. ಮೈಕೇಲ್ ಮ್ಯಾಸಿ ರಾಬಿನ್‌ಸನ್ ಎಂಬ ವಕೀಲನು ಒಬ್ಬ ಗಣ್ಯನ ಮೇಲೆ ನಿಂದೆಯ ಪದ್ಯ ಕಟ್ಟಿ, ಅದನ್ನು ಪ್ರಕಟಿಸುವೆನೆಂದು ಬೆದರಿಸಿ ಹಣ ಕೇಳಿದ್ದಕ್ಕಾಗಿ ದೇಶಾಂತರ ಹೋದವನು. ಮೆಕ್ವಾರಿ ಅವನಿಂದ ರಾಜನ ಹುಟ್ಟುಹಬ್ಬಕ್ಕೆ ಪ್ರಗಾಥಗಳನ್ನು ಬರೆಯಿಸಿದನು; ಆಸ್ಥಾನಕವಿಯ ಸಂಭಾವನೆಯೆಂದು ಅವನಿಗೆ ಸರ್ಕಾರದ ಮಂದೆಯಿಂದ ಎರಡು ಹಸುಗಳನ್ನು ಕೊಡಿಸಿದನು. ಅವನನ್ನು ಕೆಡಿಸಿದ್ದೂ ಪದ್ಯ, ಉಳಿಸಿದ್ದೂ ಪದ್ಯ.

ಪಂಕ್ತಿಭೇದವನ್ನು ಮುರಿದವನನ್ನು ಮೇಲಿನವರು ಸುಮ್ಮನೆ ಬಿಡಲಿಲ್ಲ. ಪಾದ್ರಿ ಸ್ಯಾಮ್ಯುಯಲ್ ಮಾರ್ಸ್‌ಡನ್ ವಿಮುಕ್ತರೊಡನೆ ರಸ್ತೆಯ ಸಮಿತಿಯಲ್ಲಿ ಕೂಡಲು ಒಪ್ಪಲಿಲ್ಲ. ಹಿಂದೆ ಖೈದಿಗಳಾಗಿದ್ದ ವಕೀಲರು ತನ್ನ ಮುಂದೆ ವಾದಿಸಕೂಡದೆಂದು ನ್ಯಾಯಾಧೀಶ ಜೆಫ್ರಿ ಬೆಂಟ್ ತನ್ನ ನ್ಯಾಯಾಲಯವನ್ನೇ ನಡೆಸದೆ ಕುಳಿತನು. 46ನೆಯ ಪಟಾಲಮ್ಮಿನ ಅಧಿಕಾರಿಗಳು ತಮ್ಮ ಭೋಜನಶಾಲೆಗೆ ಯಾವ ವಿಮುಕ್ತನೂ ಕಾಲಿಡಬಾರದೆಂದು ಕಟ್ಟುಮಾಡಿಕೊಂಡರು. ಮೆಕ್ವಾರಿಯ ಸ್ವಭಾವವೂ ಅವರಿಗೆ ಅಸ್ತ್ರ ಒದಗಿಸಿತು. ಅವನು ಹಠಮಾರಿ, ಹೊಗಳಿಕೆಗೆ ಒಲಿಯುವವನು, ಎದುರುಮಾತನ್ನು ಸಹಿಸದವನು. ಸರ್ಕಾರದ ತೋಟದೊಳಕ್ಕೆ ನುಗ್ಗಿದರೆಂದು 1816ರಲ್ಲಿ ಮೂವರು ಸ್ವತಂತ್ರ ಪ್ರಜೆಗಳಿಗೆ ವಿಚಾರಣೆಯಿಲ್ಲದೆ ಛಡಿಯೇಟು ಹಾಕಿಸಿದನು. ಅದರ ದೂರು ಪಾರ್ಲಿಮೆಂಟಿನವರೆಗೂ ಹೋಯಿತು.

ಆದರೂ ಕೆಲಸ ನಿಲ್ಲಲಿಲ್ಲ. ಸಿಡ್ನಿಯ ಬೀದಿಗಳನ್ನು ನೇರಮಾಡಿದನು. ಅಲ್ಲಿಯ 75 ಹೆಂಡದಂಗಡಿಗಳನ್ನು 20ಕ್ಕೆ ಇಳಿಸಿದನು. ಪ್ರವಾಹಕ್ಕೆ ಸಿಕ್ಕದ ಎತ್ತರದಲ್ಲಿ ಐದು ಊರುಗಳಿಗೆ ಗೆರೆಯೆಳೆದನು. ನಾಣ್ಯದ ಅಭಾವವಿದ್ದಾಗ ಭಾರತದಿಂದ ಹಡಗಿನಲ್ಲಿ ಬಂದ 40,000 ಸ್ಪೇನ್ ಡಾಲರುಗಳ ನಡುಭಾಗವನ್ನು 1813ರಲ್ಲಿ ಕೊರೆಯಿಸಿ, ಒಂದು ನಾಣ್ಯವನ್ನು ಎರಡು ಮಾಡಿದನು. ತೂತಾದ ನಾಣ್ಯ ಹೊರಗೆ ಹೋದರೆ ಯಾರೂ ಮುಟ್ಟುವುದಿಲ್ಲವೆಂಬುದು ಅದರ ಮರ್ಮ. ಆ ಕೆಲಸಕ್ಕೆ ಹಿಡಿದದ್ದೂ ಖೋಟಾನಾಣ್ಯದ ಖೈದಿಯೊಬ್ಬನನ್ನೇ. ಮೂವತ್ತು ಖೈದಿಗಳು ಬಿಡುಗಡೆಯ ಆಸೆಯಿಂದ ಆರು ತಿಂಗಳಲ್ಲಿ ನೀಲಗಿರಿಯೆಂದೇ ಅರ್ಥಬರುವ ಬ್ಲೂ ಪರ್ವತಗಳ ಮೇಲೆ ಸುಮಾರು ನೂರು ಮೈಲಿ ರಸ್ತೆ ಕಡಿದರು. 1817ರಲ್ಲಿ ಬ್ಯಾಂಕು ತೆರೆಯಿತು. ಆ ವರ್ಷವೇ ಈ ಭೂಖಂಡಕ್ಕೆ ಆಸ್ಟ್ರೇಲಿಯವೆಂಬ ಹೆಸರೇ ನಿಲ್ಲಲೆಂದು ಅವನು ಸರ್ಕಾರಕ್ಕೆ ಬರೆದನು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಒಬ್ಬ ಉದಾರಿಯ ಚರಿತ್ರೆಯಾಗುತ್ತಿತ್ತು. ನಿಲ್ಲಿಸಲು ಸಾಧ್ಯವಿಲ್ಲ. ಆ ಊರುಗಳೂ ರಸ್ತೆಗಳೂ ಹೊಲಗಳೂ ಬರಿಯ ನೆಲದ ಮೇಲೆ ಎದ್ದವಲ್ಲ. ಸಿಡ್ನಿಯ ಪಶ್ಚಿಮಕ್ಕೆ ದಾರುಗ್ ಜನರೂ ದಕ್ಷಿಣಕ್ಕೆ ಧಾರವಾಲ್ ಜನರೂ ಸಹಸ್ರಾರು ವರ್ಷಗಳಿಂದ ಬಾಳಿದ್ದರು. ಮೆಕ್ವಾರಿ ಅವರ ವಿಷಯದಲ್ಲಿಯೂ ಮೊದಲು ದಯೆ ತೋರಿದನು. ವರ್ಷಕ್ಕೊಮ್ಮೆ ಅವರನ್ನು ಕರೆದು ಅನ್ನವಿಕ್ಕಿದನು; 1815ರ ಜನವರಿಯಲ್ಲಿ ಪ್ಯಾರಮಟ್ಟದಲ್ಲಿ ಅವರ ಮಕ್ಕಳಿಗೆ ಶಾಲೆ ತೆರೆದನು. ಆದರೆ ಸೇರಿಸಿದ ಮಗುವನ್ನು ತಂದೆತಾಯಿಗಳು ಹಿಂದಕ್ಕೆ ಕರೆದೊಯ್ಯುವಂತಿರಲಿಲ್ಲ. 1819ರ ಪರೀಕ್ಷೆಯಲ್ಲಿ ಆ ಶಾಲೆಯ ಹುಡುಗಿಯೊಬ್ಬಳು ಬಿಳಿಯರ ಮಕ್ಕಳನ್ನೆಲ್ಲ ಹಿಂದೆ ಹಾಕಿ ಮೊದಲ ಬಹುಮಾನ ಗಳಿಸಿದಳು. ಆಕೆ ದಾರುಗ್ ಮುಖಂಡ ಯರ್ರಮುಂಡಿಯ ಮಗಳು ಮರಿಯಾ ಎಂದು ನಂಬಲಾಗಿದೆ. ಕಲಿಯುವ ಶಕ್ತಿ ಯಾರಿಗಿದೆ, ಯಾರಿಗಿಲ್ಲ ಎಂಬ ಪ್ರಶ್ನೆಗೆ ಅದೊಂದೇ ಉತ್ತರ ಸಾಕಾಗಿತ್ತು.

ಬರಗಾಲ ಬಂದು, ಹೊಲಗಳ ಅಂಚಿನಲ್ಲಿ ಜೋಳದ ತೆನೆಗಾಗಿ ಜಗಳ ಹುಟ್ಟಿ, ಎರಡು ಕಡೆಯೂ ಸಾವುಗಳಾದಾಗ ಆ ದಯೆ ಕರಗಿತು. 1816ರ ಏಪ್ರಿಲ್‌ನಲ್ಲಿ ಮೆಕ್ವಾರಿ ಮೂರು ಸೈನಿಕ ದಳಗಳನ್ನು ಕಳುಹಿಸಿದನು. ಎದುರಿಸಿದವರನ್ನು ಗುಂಡಿಟ್ಟು ಕೊಲ್ಲಬೇಕು, ಉಳಿದವರಿಗೆ ಭೀತಿ ಹುಟ್ಟುವಂತೆ ಹೆಣಗಳನ್ನು ಮರಗಳಿಗೆ ತೂಗುಹಾಕಬೇಕೆಂಬುದು ಅವನ ಆಜ್ಞೆ. ಏಪ್ರಿಲ್ 17ರ ನಸುಕಿನಲ್ಲಿ ಕ್ಯಾಪ್ಟನ್ ವಾಲಿಸನ ದಳವು ಆಪಿನ್ ಎಂಬಲ್ಲಿ ಮಲಗಿದ್ದವರ ಮೇಲೆ ಬಿದ್ದಿತು. ಗುಂಡಿಗೆ ಸಿಕ್ಕವರು ಕೆಲವರು. ಓಡಿ ಕಡಿದಾದ ಬಂಡೆಯಿಂದ ಕಂದರಕ್ಕೆ ಉರುಳಿದವರು ಕೆಲವರು. ಹೆಂಗಸರು ಮಕ್ಕಳೂ ಸೇರಿ ಸತ್ತವರು ಕಡಿಮೆಯೆಂದರೆ ಹದಿನಾಲ್ಕು ಮಂದಿ.

ಮೆಕ್ವಾರಿಯ ಪತನಕ್ಕೆ ಈ ಕೊಲೆಗಳು ಕಾರಣವಾಗಲಿಲ್ಲ. ಕಾರಣವಾದದ್ದು ಊಟದ ಪಂಕ್ತಿ. ದೇಶಾಂತರ ಶಿಕ್ಷೆಗೆ ಭಯವಿಲ್ಲವಾಗಿದೆ, ಖರ್ಚು ಹೆಚ್ಚಾಗಿದೆ ಎಂದು ಎಣಿಸಿದ ಸಚಿವ ಬ್ಯಾತರ್ಸ್ಟ್ ವಿಚಾರಣೆಗೆಂದು ಜಾನ್ ತಾಮಸ್ ಬಿಗ್ ಎಂಬ ನ್ಯಾಯವೇತ್ತನನ್ನು 1819ರಲ್ಲಿ ಕಳುಹಿಸಿದನು. ರೆಡ್‌ಫರ್ನನನ್ನು ಮ್ಯಾಜಿಸ್ಟ್ರೇಟನನ್ನಾಗಿ ಮಾಡುವ ಮಾತಿನಲ್ಲೇ ಇಬ್ಬರಿಗೂ ಬಿರುಕು ಬಿಟ್ಟಿತು. ಮೆಕ್ವಾರಿ ಪಟ್ಟುಹಿಡಿದು ನೇಮಿಸಿದನು. ಲಂಡನ್ ಆ ನೇಮಕವನ್ನು ರದ್ದುಮಾಡಿತು. ಬಿಗ್‌ನ ವರದಿಗಳು 1822ರಿಂದ ಹೊರಬಂದು ಗವರ್ನರನ ಕಟ್ಟಡಗಳನ್ನು ದುಂದೆಂದೂ ವಿಮುಕ್ತರ ಮೇಲಿನ ವಿಶ್ವಾಸವನ್ನು ತಪ್ಪೆಂದೂ ಖಂಡಿಸಿದವು. ಅಷ್ಟರಲ್ಲಿ ಮೆಕ್ವಾರಿ ರಾಜೀನಾಮೆಯಿತ್ತು, 1821ರ ಡಿಸೆಂಬರಿನಲ್ಲಿ ಅಧಿಕಾರವನ್ನು ಬಿಟ್ಟುಕೊಟ್ಟಿದ್ದನು. ಅವನು ಬಂದಾಗ ಸುಮಾರು ಹನ್ನೊಂದೂವರೆ ಸಾವಿರವಿದ್ದ ವಸಾಹತಿನ ಜನ ಆಗ ಮೂವತ್ತೆಂಟು ಸಾವಿರಕ್ಕೂ ಮೀರಿದ್ದರು. ಈ ಲೆಕ್ಕದಲ್ಲಿ ಮೂಲನಿವಾಸಿಗಳು ಸೇರಿರಲಿಲ್ಲ. ತನ್ನ ಹೆಸರಿನ ಮೇಲಿನ ಮಸಿಯನ್ನು ತೊಳೆಯಲು ಹೆಣಗುತ್ತಲೇ ಅವನು 1824ನೆಯ ಜುಲೈ 1ರಂದು ಲಂಡನ್ನಿನಲ್ಲಿ ಕಣ್ಣುಮುಚ್ಚಿದನು. ಕೊಚ್ಚಿಯಲ್ಲಿ ಕೊಂಡ ಜಾರ್ಜ್ ಕೊನೆಯವರೆಗೂ ಸೇವಕನಾಗಿ ಅವನೊಡನಿದ್ದ.

ಬ್ರಿಟನ್ನಿನಿಂದ ಖೈದಿಗಳನ್ನು ಸಾಗಿಸುವುದು 1868ರಲ್ಲಿ ನಿಂತಿತು. ಎಷ್ಟೋ ಕುಟುಂಬಗಳು ತಮ್ಮ ಅಜ್ಜ ಮುತ್ತಜ್ಜಂದಿರ ಹಡಗಿನ ಹೆಸರನ್ನು ತಲೆಮಾರುಗಳ ಕಾಲ ಬಚ್ಚಿಟ್ಟವು. ಬರುಬರುತ್ತ ಅವರ ಮೊಮ್ಮಕ್ಕಳ ಮಕ್ಕಳು ಅದನ್ನೇ ಅಭಿಮಾನದಿಂದ ಹುಡುಕತೊಡಗಿದರು. ಹುಟ್ಟಿಗಿಂತ ಕೆಲಸವನ್ನು ನೋಡಿ ಮನುಷ್ಯನನ್ನು ಎಣಿಸಬೇಕೆಂಬ ಭಾವನೆ ಆಸ್ಟ್ರೇಲಿಯದ ಸಮಾಜದಲ್ಲಿ ಬೇರೂರಿರುವುದಾದರೆ ಅದರ ಒಂದು ಬೇರು ಮೆಕ್ವಾರಿಯ ಊಟದ ಮನೆಯಲ್ಲಿದೆ ಎಂದು ನನಗೆ ತೋರುತ್ತದೆ. 2013ರಲ್ಲಿ ಸಿಡ್ನಿಯ ಹೈಡ್ ಪಾರ್ಕಿನಲ್ಲಿ ಅವನ ವಿಗ್ರಹವನ್ನು ನಿಲ್ಲಿಸಿದರು. ಆಪಿನ್ನಿನಲ್ಲಿ ಸತ್ತವರ ಸಂತತಿಯವರಿಗೆ ಆ ವಿಗ್ರಹದಲ್ಲಿ ಕಾಣುವುದು ಬೇರೆಯೇ ಮುಖ. ಎರಡು ಮುಖಗಳೂ ಅವನವೇ. ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸುವುದು ಚರಿತ್ರೆಯ ಕೆಲಸವಲ್ಲ.

ನಮ್ಮ ವಿದ್ಯಾರ್ಥಿಗಳು ಇಂಥ ಜೀವನಚರಿತ್ರೆಗಳನ್ನು ಓದಬೇಕೆಂದು ನಾನು ಬಯಸುವುದು ಇದಕ್ಕಾಗಿಯೇ. ಒಂದು ಪಂಕ್ತಿಭೇದವನ್ನು ಮುರಿಯಲು ಪದವಿಯನ್ನೇ ಪಣವಾಗಿಟ್ಟ ಮನುಷ್ಯನಿಗೂ ಇನ್ನೊಂದು ಭೇದ ಕಣ್ಣಿಗೆ ಬೀಳದಿರಬಹುದು. ಕಳ್ಳನನ್ನು ಪಕ್ಕದಲ್ಲಿ ಕೂಡಿಸಿಕೊಂಡ ಮೆಕ್ವಾರಿ, ನೆಲದ ಒಡೆಯನಿಗೆ ವರ್ಷಕ್ಕೊಂದು ದಿನ ಅಂಗಳದಲ್ಲಿ ಊಟ ಹಾಕಿದ್ದೇ ಸಾಕೆಂದುಕೊಂಡನು. ಅವನು ಬಿಡಿಸಿದ ಜಾಗದಲ್ಲಿ ಕುಳಿತವರನ್ನು ಎಣಿಸುವಾಗ, ಹೊರಗೆ ನಿಂತೇ ಉಳಿದವರನ್ನೂ ಎಣಿಸಬೇಕು.