ಪೆನ್ಸಿಲ್ ಹಿಡಿದ ಕೈಯನ್ನು ದೇವರು ಮರೆಯಲಿಲ್ಲ

ಕ್ಯಾಮರಾ ಇಲ್ಲದ ಕಾಲದಲ್ಲಿ ಮನೆಯವರ ಮುಖವನ್ನು ನೆನಪಿಗಾಗಿ ಉಳಿಸಿಕೊಳ್ಳಲು ಜನರು ಚಿತ್ರಕಾರರ ಬಳಿ ಹೋಗುತ್ತಿದ್ದರು. ತೈಲಚಿತ್ರ ಶ್ರೀಮಂತರಿಗೆ ಮಾತ್ರ ಎಟಕುತ್ತಿತ್ತು. ಪೆನ್ಸಿಲ್ ಚಿತ್ರ ಕಡಿಮೆ ಖರ್ಚಿನಲ್ಲಿ ಬೇಗನೆ ಸಿಗುತ್ತಿತ್ತು. ಯುದ್ಧದಿಂದಾಗಿ ಇಂಗ್ಲೆಂಡಿನ ಗ್ರಾಫೈಟ್ ಬರುವುದು ನಿಂತಾಗ, 1795ರಲ್ಲಿ ಫ್ರಾನ್ಸಿನ ಕೊಂತೆ ಎಂಬವರು ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಟ್ಟು ಹೊಸ ಪೆನ್ಸಿಲ್ ತಯಾರಿಸಿದರು. ಆ ಪೆನ್ಸಿಲ್ ಯುಗದ ಶ್ರೇಷ್ಠ ಕಲಾವಿದರಲ್ಲೊಬ್ಬರು ಝಾನ್ ಆಗಸ್ಟ್ ಡೊಮಿನಿಕ್ ಆಂಗ್ರ್.

1780ರಲ್ಲಿ ಫ್ರಾನ್ಸಿನ ಮೊಂತೊಬಾನ್ ಪಟ್ಟಣದಲ್ಲಿ ಜನಿಸಿದ ಆಂಗ್ರ್ ಅವರಿಗೆ ಮೊದಲ ಗುರು ಅವರ ತಂದೆಯೇ. 1801ರಲ್ಲಿ ರೋಮ್‌ನಲ್ಲಿ ಕಲಿಯುವ ಬಹುಮಾನ ಗೆದ್ದರೂ ಸರಕಾರದ ಬಳಿ ಹಣವಿಲ್ಲದೆ 1806ರವರೆಗೆ ಕಾಯಬೇಕಾಯಿತು. ಅವರು ಪ್ಯಾರಿಸ್‌ಗೆ ಕಳುಹಿಸಿದ ದೊಡ್ಡ ಚಿತ್ರಗಳನ್ನು ವಿಮರ್ಶಕರು ಹಳಿದರು. 1813ರಲ್ಲಿ ಮದ್ಲೆನ್ ಶಪೆಲ್ ಅವರನ್ನು ವಿವಾಹವಾದರು. ಅವರಿಗೆ ಮಕ್ಕಳ ಭಾಗ್ಯವಿರಲಿಲ್ಲ.

1815ರಲ್ಲಿ ನೆಪೋಲಿಯನ್ ಪತನವಾಯಿತು. ಚಿತ್ರ ಬರೆಸುತ್ತಿದ್ದ ಫ್ರೆಂಚ್ ಅಧಿಕಾರಿಗಳು ರೋಮ್ ಬಿಟ್ಟು ಹೋದರು. ಆಂಗ್ರ್ ದಂಪತಿಯ ಸಂಸಾರ ನಡೆದದ್ದು ರೋಮ್ ನೋಡಲು ಬರುತ್ತಿದ್ದ ಇಂಗ್ಲಿಷ್ ಪ್ರವಾಸಿಗರ ಪೆನ್ಸಿಲ್ ಚಿತ್ರಗಳಿಂದ. ಮುಖವನ್ನು ನಯವಾಗಿ ತಿದ್ದಿ, ಉಡುಪನ್ನು ಕೆಲವೇ ಗೆರೆಗಳಲ್ಲಿ ಮುಗಿಸುವುದು ಅವರ ರೀತಿ. ಆದರೆ ಈ ಕೆಲಸ ಅವರಿಗೆ ಅವಮಾನವೆನಿಸುತ್ತಿತ್ತು. ಪುಟ್ಟ ಚಿತ್ರ ಬರೆಯುವವನ ಮನೆ ಇದೇ ಏನು ಎಂದು ಬಾಗಿಲಲ್ಲಿ ಕೇಳಿದವರಿಗೆ, ಇಲ್ಲಿರುವವನು ವರ್ಣಚಿತ್ರಕಾರನೆಂದು ಸಿಟ್ಟಿನಿಂದ ಉತ್ತರಿಸಿದರೆಂಬ ಕಥೆಯಿದೆ. ಹಾಗಿದ್ದರೂ ಕೆಲಸದಲ್ಲಿ ಕಳ್ಳತನ ಮಾಡಲಿಲ್ಲ. ಹಣಕ್ಕಾಗಿ ಬರೆದ ಹಾಳೆಗೂ, ಗೆಳೆಯರಿಗೆ ಪ್ರೀತಿಯಿಂದ ಕೊಟ್ಟ ಹಾಳೆಗೂ ಒಂದೇ ಶ್ರದ್ಧೆ.

1820ರಲ್ಲಿ ಹುಟ್ಟೂರಿನ ಕ್ಯಾಥೆಡ್ರಲ್‌ಗೆ ಚಿತ್ರ ಬರೆಯುವ ಕರೆ ಬಂತು. ರಾಜ 13ನೇ ಲೂಯಿ ತನ್ನ ಕಿರೀಟ ಮತ್ತು ರಾಜದಂಡವನ್ನು ಮಾತೆ ಮರಿಯಮ್ಮನವರಿಗೆ, ಬಾಲಯೇಸುವಿಗೆ ಅರ್ಪಿಸುವ ದೃಶ್ಯವದು. 1824ರಲ್ಲಿ ಪ್ಯಾರಿಸ್‌ನಲ್ಲಿ ಅದು ಪ್ರದರ್ಶನಗೊಂಡಾಗ ಹಳಿದವರೂ ಹೊಗಳಿದರು. 1867ರಲ್ಲಿ ಅವರು ತೀರಿಕೊಂಡಾಗ ಫ್ರಾನ್ಸಿನ ಗೌರವಾನ್ವಿತ ಕಲಾವಿದರಾಗಿದ್ದರು.

ಅವರ ಸುಮಾರು 450 ಪೆನ್ಸಿಲ್ ಭಾವಚಿತ್ರಗಳನ್ನು ವಸ್ತುಸಂಗ್ರಹಾಲಯಗಳೂ ಸಂಗ್ರಾಹಕರೂ ಅಮೂಲ್ಯವೆಂದು ಕಾಪಾಡುತ್ತಿದ್ದಾರೆ. ಅವರು ಕೀಳೆಂದುಕೊಂಡ ಕೆಲಸವೂ ಅವರ ಹೆಸರನ್ನು ಉಳಿಸಿದೆ.

ಪ್ರಿಯರೇ, ಚರ್ಚ್ ಗುಡಿಸುವವರು, ಮಕ್ಕಳಿಗೆ ಧರ್ಮೋಪದೇಶ ಕಲಿಸುವವರು, ವಾಳೆಯ ಮನೆಮನೆಗೆ ನಡೆಯುವ ಗುರಿಕಾರರು ತಮ್ಮ ಸೇವೆ ಚಿಕ್ಕದೆಂದು ಕುಗ್ಗುವುದುಂಟು. ಕೆಲಸ ದೊಡ್ಡದೋ ಚಿಕ್ಕದೋ ಎಂದು ತೂಗುವವರು ನಾವಲ್ಲ. ಶ್ರದ್ಧೆಯಿಂದ ಮಾಡೋಣ, ಬೆಲೆ ಕಟ್ಟುವುದನ್ನು ದೇವರಿಗೆ ಬಿಡೋಣ.